ಗಂಟೆಗೆ ತಿರುಗದ ಕೂಸು

ಎಪ್ಪತ್ತರ ದಶಕದ ಮಾತು. ಕೂಸುಗಳಿಗೆ ಕಿವಿ ಕೇಳುತ್ತದೋ ಇಲ್ಲವೋ ನೋಡಲು ಆರೋಗ್ಯ ಇಲಾಖೆ ನನಗೆ ಕೊಟ್ಟಿದ್ದು ಒಂದು ಸಣ್ಣ ಗಂಟೆ, ಒಂದು ಕಟ್ಟು ಫಾರಂ. ಕೂಸಿನ ಬೆನ್ನ ಹಿಂದೆ ಗಂಟೆ ಬಾರಿಸಬೇಕು. ತಿರುಗಿದರೆ ಕಿವಿ ಸರಿ ಇದೆ ಎಂದು ಬರೆಯಬೇಕು.

ಶ್ರೀರಾಂಪುರದ ಶಾಲೆ ಜಗಲಿಯಲ್ಲಿ ಕುರಿ ಕಾಯುವವರ ಮನೆಯ ಎಂಟು ತಿಂಗಳ ಕೂಸೊಂದು ತಾಯಿಯ ತೊಡೆ ಮೇಲೆ ಕೂತಿತ್ತು. ನಾಲ್ಕು ಸಲ ಬಾರಿಸಿದೆ. ಹೊರಗೆ ಕಟ್ಟಿದ್ದ ಅವರ ಟಗರು ಕೊರಳ ಗಂಟೆ ಅಲ್ಲಾಡಿಸುತ್ತ ನನ್ನತ್ತ ನೋಡಿತು, ಕೂಸು ಮಿಸುಕಲಿಲ್ಲ. 'ಕಿವುಡು' ಎಂದು ಬರೆಯಲು ಪೆನ್ನು ತೆಗೆದೆ.

ಪಕ್ಕದಲ್ಲಿದ್ದ ಕೂಸಿನ ಅಜ್ಜಿ ರೇಗಿದಳು: "ತಡೀರಿ ಸಾರ್! ಹುಟ್ಟಿದಾಗಿಂದ ಗಂಟೆ ಸದ್ದಿನಾಗೇ ಬೆಳೆದೈತೆ. ಬಾರಿಸಿದ್ರೆ ಯಾಕೆ ತಿರುಗ್ತೈತೆ? ನಿಲ್ಸಿದ್ರೆ ತಿರುಗ್ತೈತೆ, ನೋಡ್ರಿ."

ಎದ್ದು ಹೋಗಿ ಟಗರಿನ ಕೊರಳ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದಳು. ಸದ್ದು ನಿಂತಿದ್ದೇ ತಡ, ಕೂಸು ಗಕ್ಕನೆ ತಿರುಗಿ ಟಗರನ್ನು ಹುಡುಕಿತು. ಮೂರು ಸಲ ಹಿಡಿದಳು, ಮೂರು ಸಲವೂ ತಿರುಗಿತು.

'ಕಿವಿ ಸರಿ ಇದೆ' ಎಂದು ಬರೆದೆ. ಕೆಳಗೆ 'ಬಳಸಿದ ಉಪಕರಣ' ಎಂಬ ಕಾಲಂ ಇತ್ತು. ಸುಳ್ಳು ಬರೆಯಬಾರದಲ್ಲ, 'ಟಗರು, ಒಂದು' ಎಂದು ತುಂಬಿದೆ.

ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಪತ್ರ ಬಂತು: ಸದರಿ ಉಪಕರಣವನ್ನು ಸುಸ್ಥಿತಿಯಲ್ಲಿ ಕೂಡಲೇ ವಾಪಸ್ ಒಪ್ಪಿಸತಕ್ಕದ್ದು.