ಚಪ್ಪಲಿ ಕಂಬದ ಹುಸೇನಪ್ಪ

ಸಂಕ್ರಮಣದ ಬೆಳಗು, ಇನ್ನೂ ಆರು ಗಂಟೆಯಾಗಿಲ್ಲ. ಮಾನ್ವಿಯಾಚೆಗಿನ ತುಂಗಭದ್ರೆಯ ಮರಳ ದಂಡೆಯಲ್ಲಿ, ಹಬ್ಬದ ದಿನದ ಬಗ್ಗೆ ಬರೆಯಲು ಬಂದ ನಾನು ಸ್ವೆಟರ್ ಮೇಲೆ ಶಾಲು ಹೊದ್ದು ನಡುಗುತ್ತಿದ್ದೇನೆ. ಐವತ್ತೆರಡರ ಹುಸೇನಪ್ಪ ಮಾತ್ರ ನೀರಿಗಿಳಿದು, ಕುರಿ ಕಾಯುವ ಕೋಲು ಊರುತ್ತ ತಳ ಹುಡುಕುತ್ತಿದ್ದಾರೆ. ನಾಲ್ಕು ಹೆಜ್ಜೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಮತ್ತೆ ಅದೇ ನಾಲ್ಕು ಹೆಜ್ಜೆ. ಇದ್ದಕ್ಕಿದ್ದಂತೆ ಕೋಲು ಪೂರ್ತಿ ಒಳಗಿಳಿಯುತ್ತದೆ.

"ಕೆಲಸ ಕೆಟ್ಟಾತ್ರಿ ಸರ. ನಿನ್ನಿ ಸಂಜಿ ತನಕ ಇಲ್ಲಿ ಮಣಕಾಲ ಮಟ ನೀರಿತ್ತು. ಯಾರೋ ಉಸುಕು ತಗದಾರ."

ರಾತ್ರೋರಾತ್ರಿ ಮರಳು ತೆಗೆದು ಗುಂಡಿ ಮಾಡಿದ್ದು, ಮಕ್ಕಳ ಸ್ನಾನಕ್ಕೆಂದು ಅವರು ಬಲೆ ಕಟ್ಟಿ ಬಿಟ್ಟಿದ್ದ ಜಾಗದಲ್ಲೇ. ಇನ್ನು ಮೂರು ತಾಸಿನಲ್ಲಿ ರಾಯಚೂರು, ಸಿರವಾರ, ಅಷ್ಟೇ ಏಕೆ, ಕೃಷ್ಣೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ದೇವದುರ್ಗದಿಂದಲೂ ಜನ ಬರುತ್ತಾರೆ. ಮೈಗೆ ಎಳ್ಳು-ಅರಿಷಿಣ ಹಚ್ಚಿಕೊಂಡು ಮುಳುಗಿ, ದಂಡೆಯಲ್ಲೇ ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚುವ ಹಬ್ಬವಿದು. ನನಗೆ ಚಳಿ ಮರೆತುಹೋಗಿ ಭಯ ಶುರುವಾಗುತ್ತದೆ.

ಈ ದಂಡೆಗೆ ಹುಸೇನಪ್ಪನವರನ್ನು ಯಾರೂ ನೇಮಿಸಿಲ್ಲ. ಕುರಿ ಕಾಯುವ ಮನೆತನ, ಮೂವತ್ತು ಕುರಿಗಳಿವೆ. ಆದರೆ ಆರು ವರ್ಷಗಳಿಂದ ಹೊಳೆ ಇಳಿದ ತಿಂಗಳುಗಳಲ್ಲಿ ರಜೆಯ ದಿನ ಕುರಿಗಳನ್ನು ಹೆಂಡತಿ ನಾಗವೇಣಿಗೆ ಒಪ್ಪಿಸಿ ಇಲ್ಲಿಗೆ ಬರುತ್ತಾರೆ. ಹಸಿರು ಪರದೆ ಸುತ್ತಿದ ನಾಲ್ಕು ಬಟ್ಟೆ ಬದಲಿಸುವ ಗೂಡುಗಳು, ನೆರಳಿಗೆ ಹನ್ನೊಂದು ಸಂತೆ ಛತ್ರಿ, ಕುಡಿಯುವ ನೀರಿನ ಡ್ರಮ್ಮು, ವಯಸ್ಸಾದವರು ಹಿಡಿದು ಇಳಿಯಲು ಬಿದಿರಿನ ಗಳ, ಮಕ್ಕಳ ನೀರಿನ ಸುತ್ತ ಕುರಿಹಟ್ಟಿಗೆ ಕಟ್ಟುವ ಬಲೆ. ಎಲ್ಲ ಅವರ ಕೈಯಿಂದಲೇ ಆದದ್ದು.

ಇದನ್ನೆಲ್ಲ ಕಲಿತದ್ದು ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಎಂದರೆ ನೀವು ನಗಬಹುದು, ನಾನೂ ನಕ್ಕಿದ್ದೆ. ಕುರಿ ಸಾಕಣೆಯ ಕೆಲಸವೆಂದು ಹೈದರಾಬಾದಿನ ಏಜೆಂಟನೊಬ್ಬ ಇವರನ್ನು ಸೈಪ್ರಸ್ಸಿಗೆ ಕಳಿಸಿದ. ಅಲ್ಲಿ ಕುರಿಯ ಬದಲು ಒಂಬತ್ತು ವರ್ಷ ಸಮುದ್ರ ದಂಡೆಯ ಮರಳಲ್ಲಿ ಪ್ರವಾಸಿಗರಿಗೆ ಛತ್ರಿ ನೆಟ್ಟರು.

"ಅಲ್ಲಿ ದಂಡಿ ಅಂದ್ರ ಮನಿ ಅಂಗಳ ಇದ್ದಂಗ್ರಿ. ಮುದುಕಿ ಗಾಲಿ ಕುರ್ಚಿ ಮ್ಯಾಲ ಬಂದು ನೀರಿಗಿ ಇಳೀತಿದ್ಲು. ಕೂಸುಗಳಿಗೂ ಒಂದು ಜಾಗ. ಎತ್ತರದ ಕುರ್ಚಿ ಮ್ಯಾಲ ಒಬ್ಬಾಂವ ಬರೇ ನೋಡ್ಕೋತ ಕುಂದರ್ತಿದ್ದ. ಬರೇ ನೋಡಾಕ ಪಗಾರ!"

ಊರಿಗೆ ಬಂದ ವರ್ಷ, ಅಲ್ಲಿ ಕಂಡಂತೆಯೇ ಆಳವಿದ್ದಲ್ಲಿ ಎಚ್ಚರಿಕೆಗೆ ಕೆಂಪು ಬಾವುಟದ ನಿಶಾನೆ ನೆಟ್ಟರು. ನಮ್ಮ ಜನ ಹೊಳೆಯೊಳಗೆ ಕೆಂಪು ನಿಶಾನೆ ಕಂಡರೆ ಸುಮ್ಮನಿರುತ್ತಾರೆಯೇ? ಗಂಗವ್ವನ ಠಾವು ಎಂದುಕೊಂಡರು. ಮಧ್ಯಾಹ್ನದೊಳಗೆ ನಿಶಾನೆಯ ಕೋಲಿಗೆ ಹಸಿರು ಬಳೆ ಬಿದ್ದವು, ಕುಂಕುಮವೂ ಏರಿತು. ಹಿರೇಕೊಟ್ನೆಕಲ್ಲಿನ ಬೂದೆಮ್ಮ ದೀಪ ಹಿಡಿದು ಅಲ್ಲಿಗೇ ನಡೆದವರು ಮುಳುಗಿದರು. ಹುಸೇನಪ್ಪ ಕೂದಲು ಹಿಡಿದು ಎಳೆದು ಉಳಿಸಿದರು.

"ಹೊಳಿ ಅಲ್ರಿ, ನನ್ನ ನಿಶಾನಿನ ಆಕಿನ್ನ ಕರದಿತ್ತು. ಅವತ್ತಿನಿಂದ ಕುಂತಲ್ಲಿ ಕುಂದರಾಕ ಆಗವಲ್ದು."

ಮರುದಿನವೇ ನಿಶಾನೆ ಕಿತ್ತು, ಅದೇ ಕೋಲಿಗೆ ಹರಿದ ಚಪ್ಪಲಿ ಕಟ್ಟಿದರು. "ಚಪ್ಪಲಿಗಿ ಯಾರು ಕೈ ಮುಗೀತಾರ್ರಿ?" ಯಾರೂ ಮುಗಿಯಲಿಲ್ಲ, ಹತ್ತಿರ ಕೂಡ ಸುಳಿಯಲಿಲ್ಲ. ಈಗ ಆಳವಿರುವಲ್ಲೆಲ್ಲ ಚಪ್ಪಲಿ ಕಂಬಗಳೇ.

ಇವತ್ತಿನ ಹೊಸ ಗುಂಡಿಗೆ ಇನ್ನೂ ಮೂರು ಕಂಬ ಬೇಕು. ಒಂದಕ್ಕೆ ತಮ್ಮ ಜೋಡು ಬಿಚ್ಚಿ ಕಟ್ಟುತ್ತಾರೆ, ಇನ್ನೊಂದಕ್ಕೆ ಹಬ್ಬಕ್ಕೆಂದು ಇವತ್ತು ಜೊತೆಗೆ ಬಂದಿರುವ ನಾಗವೇಣಿಯವರದು. ಆಮೇಲೆ ನನ್ನ ಕಾಲು ನೋಡುತ್ತಾರೆ. ಕಳೆದ ವಾರ ರಾಯಚೂರಿನಲ್ಲಿ ಕೊಂಡ ಚಪ್ಪಲಿ. ಹರಿದದ್ದೇ ಆಗಬೇಕಲ್ಲವೇ ಎಂದು ಕೇಳಿ ನೋಡುತ್ತೇನೆ.

"ನೋಡಾವರಿಗೇನು ಗೊತ್ರಿ, ಹೊಸಾದು ಹಳೇದು?"

ಬಿಚ್ಚಿ ಕೊಡುತ್ತೇನೆ. ಒಂಬತ್ತಕ್ಕೆ ಟ್ರ್ಯಾಕ್ಟರುಗಳು, ಆಟೋಗಳು ಬಂದು ದಂಡೆ ತುಂಬುತ್ತದೆ. ಬಲೆಯನ್ನು ಮೇಲಕ್ಕೆ ಸರಿಸಿ ಕಟ್ಟಿದ್ದಾಗಿದೆ. ಆದರೆ ಸಿರವಾರದ ವ್ಯಾಪಾರಿ ಶಂಭುಲಿಂಗಪ್ಪ ಹದಿನೇಳು ಮಂದಿಯ ಸಂಸಾರ ಕಟ್ಟಿಕೊಂಡು ನೇರ ಹಳೆಯ ಜಾಗಕ್ಕೇ ಬರುತ್ತಾರೆ. ಸೊಂಟದ ಮೇಲೆ ಮೊಮ್ಮಗಳಿದ್ದಾಳೆ.

"ಹಬ್ಬದ ದಿನ ಗಂಗವ್ವನ ಮುಂದ ಚಪ್ಪಲಿ ಕಟ್ಟೀಯಲ್ಲೋ! ನಮ್ಮಜ್ಜನ ಕಾಲದಿಂದ ನಾವು ಇಲ್ಲೇ ಮುಳುಗಾವರು. ತಗಿ ಅದನ್ನ," ಎಂದು ಗದರುತ್ತ ಅವರೇ ಕಂಬಕ್ಕೆ ಕೈ ಹಾಕುತ್ತಾರೆ. ಹುಸೇನಪ್ಪ ಸೀಟಿ ಊದುತ್ತಾರೆ, ಅಡ್ಡ ನಿಲ್ಲುತ್ತಾರೆ, ಆದರೂ ಶಂಭುಲಿಂಗಪ್ಪನವರ ಕೈ ಕಂಬ ಬಿಡುವುದಿಲ್ಲ. ಆಗ ದಂಡೆಯಿಂದ ಹಣ್ಣು ಮುದುಕಿಯೊಬ್ಬಳ ದನಿ ಕೇಳುತ್ತದೆ. ಅದೇ ಬೂದೆಮ್ಮ, ಪ್ರತಿವರ್ಷ ತಪ್ಪದೆ ಬರುತ್ತಾರಂತೆ.

"ಯಪ್ಪಾ, ನಾ ಇಂಥಾದ ಗುಂಡಿ ತಳಕ್ಕ ಹೋಗಿ ನೋಡಿ ಬಂದೀನಿ. ಗಂಗವ್ವ ಅಲ್ಲಿಲ್ಲ. ಕೂಸಿನ್ನ ಕರಕೊಂಡು ಈ ಕಡಿಗಿ ಬಾ."

ಶಂಭುಲಿಂಗಪ್ಪ ಕಂಬ ಬಿಟ್ಟು ಒಮ್ಮೆ ನೀರು ನೋಡುತ್ತಾರೆ, ಒಮ್ಮೆ ಮೊಮ್ಮಗಳನ್ನು. ಅವಳನ್ನು ಎತ್ತಿಕೊಂಡೇ ಬಲೆಯ ಕಡೆ ನಡೆಯುತ್ತಾರೆ. ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸುತ್ತದೆ.

ದಿನವಿಡೀ ಹುಸೇನಪ್ಪ ಕೂರುವುದಿಲ್ಲ. ಕೊಟ್ಟ ಹೋಳಿಗೆಯನ್ನೂ ನಡೆಯುತ್ತಲೇ ತಿನ್ನುತ್ತಾರೆ. ಹಟ್ಟಿಗೆ ಕುರಿ ಹೊಗಿಸುವಾಗ ಎಣಿಸುವಂತೆ ಇಳಿದವರನ್ನೂ ಹತ್ತಿದವರನ್ನೂ ಬೆರಳು ಮಡಚಿ ಎಣಿಸುತ್ತಿರುತ್ತಾರೆ. ಸಂಜೆಗೆ ಲೆಕ್ಕ ಸಿಗುತ್ತದೆ: ಇಳಿದವರು ನಾನೂರ ಹನ್ನೆರಡು, ಹತ್ತಿದವರೂ ಅಷ್ಟೇ.

ಕೊನೆಯ ಟ್ರ್ಯಾಕ್ಟರ್ ಹೋದ ಮೇಲೆ ನಾಗವೇಣಿ ಬಟ್ಟಲು ಹಿಡಿದು ಬರುತ್ತಾರೆ. "ಎಳ್ಳು ಒಣಗಿ ಹೋತು. ಈಗರ ಇಳೀರಿ." ಹುಸೇನಪ್ಪ ಮೊಣಕಾಲು ನೀರಿನಲ್ಲಿ ನಿಂತು ಮೂರು ಬೊಗಸೆ ತಲೆಗೆ ಸುರಿದುಕೊಳ್ಳುತ್ತಾರೆ. ಖಾಲಿ ದಂಡೆಯ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಒಂದ ಅದ್ರಿ. ಒಂದು ಸಂಕ್ರಮಣಕ್ಕ ಇಲ್ಲಿ ನನ್ನ ಬದ್ಲಿ ಯಾರರ ನಿಂತು ನೋಡ್ಲಿ. ಕಣ್ಣು ಮುಚ್ಚಿ ಒಂದ ಸಲ ಪೂರಾ ಮುಳುಗಬೇಕ್ರಿ ನಾನು."