ಕೆಂಪು ನೂಲಿನ ಐದು ಸ್ಟಿಕ್ಕು

ಬಸ್ಸು ಕೆಟ್ಟು ದಾರಿಯಲ್ಲೇ ನಿಲ್ಲಬಹುದಿತ್ತು. ಕೆಡದಿದ್ದರೂ, ಅಮೀನಗಡದಲ್ಲಿ ಚಹಾಕ್ಕೆ ಇಳಿದ ಡ್ರೈವರು ಯಾರೋ ಬೀಗರ ಮಾತಿಗೆ ಸಿಕ್ಕು ಮರಳಿ ಹತ್ತುವುದನ್ನೇ ಮರೆಯಬಹುದಿತ್ತು. ಒಪ್ಪಿಗೆ ಪತ್ರದ ಮೇಲೆ ನಾನು ಒತ್ತಿದ ಮೊಹರು ತಲೆಕೆಳಗಾಗಿ, ಹುಬ್ಬಳ್ಳಿಯ ಸಾಹೇಬರು ಅದನ್ನು ಖೊಟ್ಟಿಯೆಂದು ಬದಿಗೆ ಸರಿಸಬಹುದಿತ್ತು. ನಮ್ಮ ಆಟಗಾರ ಮಹಾಂತೇಶ ಹೊಸ್ತಿಲು ಎಡವಿ ಕಾಲು ಉಳುಕಿಸಿಕೊಳ್ಳಬಹುದಿತ್ತು. ಅವನ ಜೊತೆಗಾರ ದಸ್ತಗೀರನಿಗೆ ಅದೇ ದಿನ ಜ್ವರ ಬರಬಹುದಿತ್ತು. ಬಾದಾಮಿಯ ಮಂಗಗಳು ಚೆಂಡನ್ನು ಒಯ್ದು ಗುಡ್ಡದ ನೆತ್ತಿಯಲ್ಲಿ ಕುಳಿತು ನಮ್ಮನ್ನೇ ಆಟವೆಂದು ನೋಡಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನಾನು ಮಾಡಿದ ದ್ರೋಹ ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಗೊತ್ತಾಗಬಹುದಿತ್ತು.

ನನ್ನ ಮನೆಯ ಬಾಗಿಲ ಹಿಂದೆ ಒಂದು ಹಳೆಯ ಹಾಕಿ ಸ್ಟಿಕ್ಕು ಇದೆ. ಹಿಡಿಗೆ ಇಳಕಲ್ಲ ಸೆರಗಿನ ಕೆಂಪು ರೇಷ್ಮೆ ನೂಲು ಸುತ್ತಿದೆ. ಗೋಡೆಯ ಎತ್ತರದ ಮಾಡದಿಂದ ಡಬ್ಬಿ ಎಳೆಯಲು, ಹಿತ್ತಲಿನ ಹಂದಿ ಬೆದರಿಸಲು ಹೆಂಡತಿ ಅದನ್ನು ಬಳಸುತ್ತಾಳೆ. ಮೇಲೆ ಹೇಳಿದ ಚಿಂತೆಗಳ ಗುರುತಾಗಿ ಕಣ್ಣಿಗೆ ಕಾಣುವಂತೆ ಉಳಿದದ್ದು ಅದೊಂದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಇಳಕಲ್ಲಿನಲ್ಲಿ ಸಾಲಿ ಮಾಸ್ತರ, ಜೊತೆಗೆ ಊರ ಹಾಕಿ ಕ್ಲಬ್ಬಿನ ಕಾರ್ಯದರ್ಶಿ. ಆಟ ಬಾರದವನನ್ನು ಕಾರ್ಯದರ್ಶಿ ಮಾಡುವ ಪದ್ಧತಿ ಎಲ್ಲ ಊರಲ್ಲೂ ಇದೆ. ನಮ್ಮಲ್ಲಿ ಅದಕ್ಕೊಂದು ಕಾರಣವೂ ಇತ್ತು. ಸೀರೆ ವ್ಯಾಪಾರದ ಸಂಗಪ್ಪನವರು, ಅವರೇ ಅಧ್ಯಕ್ಷರು, ನನ್ನನ್ನು ಆರಿಸುವಾಗ ಬಾಯಿಬಿಟ್ಟೇ ಹೇಳಿದ್ದರು: "ಮಾಸ್ತರ, ನಮಗ ಚಿಂತಿ ಮಾಡಾಕ ಪುರಸೊತ್ತಿಲ್ಲ. ನಿಮಗ ರೂಢಿ ಐತಿ. ನೀವ ಮಾಡ್ರಿ."

ನಮ್ಮ ತಂಡವೆಂದರೆ ಇಬ್ಬರು, ಉಳಿದ ಒಂಬತ್ತು ಮಂದಿ ನಿಯಮಕ್ಕಾಗಿ. ಮಹಾಂತೇಶ ಮುಂದೆ ನಿಂತು ಗೋಲು ಹೊಡೆಯುವವನು, ದಸ್ತಗೀರ ಎಡಗಡೆಯಿಂದ ಅವನಿಗೆ ಚೆಂಡು ಮುಟ್ಟಿಸುವವನು. ಒಂದೇ ಓಣಿಯ ನೇಕಾರರು. ಎದುರು-ಬದುರು ಮನೆ, ಎರಡೂ ಮನೆಯಲ್ಲಿ ಕುಣಿಮಗ್ಗ. ಒಂದು ಮಗ್ಗದ ಸದ್ದಿಗೆ ಇನ್ನೊಂದು ಮಗ್ಗ ಉತ್ತರ ಕೊಡುತ್ತ ಬೆಳೆದವರಾದ್ದರಿಂದಲೋ ಏನೋ, ದಸ್ತಗೀರ ತಲೆಯೆತ್ತಿ ನೋಡದೆಯೇ ಚೆಂಡು ತಳ್ಳುತ್ತಿದ್ದ. ಅದು ಹೋಗುವ ಜಾಗದಲ್ಲಿ ಮಹಾಂತೇಶ ಇರುತ್ತಿದ್ದ. ಹುಬ್ಬಳ್ಳಿಯ ದೊಡ್ಡ ಕಾರ್ಖಾನೆಯೊಂದು ಇದನ್ನು ನೋಡಿ ಕಾಗದ ಬರೆಯಿತು: ಇಬ್ಬರಿಗೂ ಕಾಯಂ ನೌಕರಿ, ಕಾರ್ಖಾನೆಯ ತಂಡದಲ್ಲಿ ಆಟ, ಕ್ಲಬ್ಬಿನ ಒಪ್ಪಿಗೆ ಪತ್ರದೊಡನೆ ಸೋಮವಾರ ಬೆಳಿಗ್ಗೆ ಹಾಜರಾಗಿ ಆಡಿ ತೋರಿಸಬೇಕು.

ಅದರ ಹಿಂದಿನ ದಿನ, ಭಾನುವಾರ ಸಂಜೆ, ಬಾದಾಮಿಯಲ್ಲಿ ಬಾಗಲಕೋಟೆಯವರ ಎದುರು ನಮ್ಮ ಫೈನಲ್ಲು. ಎಷ್ಟೋ ವರ್ಷಗಳಿಂದ ನಾವು ದೂರದಿಂದ ನೋಡಿ ಬರುತ್ತಿದ್ದ ಶೀಲ್ಡು ಅದು.

ಸಂಗಪ್ಪನವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಿರಮಿಟ್ಟು, ಚಹಾದ ನಡುವೆ ಐವರ ಸಮಿತಿ ಕೂತಿತು. ಮಗ್ಗಗಳಿಗೆ ವಾರದಲ್ಲಿ ಮೂರು ದಿನವಷ್ಟೇ ಕೆಲಸ ಉಳಿದಿದ್ದ ಕಾಲ. ನೌಕರಿ ಎಂದರೆ ಆ ಎರಡು ಮನೆಗಳಿಗೆ ಏನೆಂಬುದು ಐವರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೂ ಆ ಮಾತು ಎತ್ತಲಿಲ್ಲ. ಊರಿನ ಮರ್ಯಾದೆ, ಮಣ್ಣಿನ ಋಣ ಮೊದಲಾದ ದೊಡ್ಡ ಮಾತುಗಳು ಗಿರಮಿಟ್ಟಿನ ಖಾರದೊಡನೆ ಏರಿದವು. ಕಂಪೌಂಡರ್ ರಾಜೇಸಾಬರು ನಡುಮಾರ್ಗ ಸೂಚಿಸಿದರು: "ಒಬ್ಬನ್ನ ಕಳಸೂಣು, ಒಬ್ಬನ್ನ ಇಟಗೊಳ್ಳೂಣು." ಬಾಗಿಲಲ್ಲಿ ಕರೆಗಾಗಿ ಕಾಯುತ್ತ ನಿಂತಿದ್ದ ದಸ್ತಗೀರ ಅಲ್ಲಿಂದಲೇ ಅಂದ: "ಸೆರಗ ಇಟಗೊಂಡು ಒಡಲು ಮಾರಾಕ ಬರತೈತೇನ್ರಿ, ಸಾಹೇಬ್ರ?"

ಒಡಲು, ಸೆರಗು ಎರಡೂ ಕೂಡಿದರೇ ಸೀರೆ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಡುಮಾರ್ಗ ಬಿದ್ದುಹೋಯಿತು; ಇಬ್ಬರನ್ನೂ ಉಳಿಸಿಕೊಳ್ಳಬೇಕು, ಪತ್ರ ಕೊಡಬಾರದು ಎಂದು ಸರ್ವಾನುಮತದ ಠರಾವಾಯಿತು. ಎತ್ತಿದ ಐದು ಕೈಗಳಲ್ಲಿ ನನ್ನದೂ ಒಂದು. ಠರಾವನ್ನು ಬರೆದವನೂ ನಾನೇ, ದುಂಡಗಿನ ಅಕ್ಷರದಲ್ಲಿ.

ಶನಿವಾರದ ತನಕ ನನಗೆ ಅನ್ನ ರುಚಿಸಲಿಲ್ಲ. ಶನಿವಾರ ಸಾಲಿ ಬಿಟ್ಟ ಮೇಲೆ ಕೋಣೆ ಬಾಗಿಲು ಹಾಕಿಕೊಂಡು ಒಪ್ಪಿಗೆ ಪತ್ರ ಬರೆದೆ, ಮೊಹರು ಒತ್ತಿದೆ, ಮಡಚಿ ಅಂಗಿಯೊಳಗೆ ಇಟ್ಟೆ. ಓಣಿಯಲ್ಲಿ ಯಾರಾದರೂ ಕೇಳಿದರೆ ನೆಪ ಬೇಕಲ್ಲ? ತಂಡದ ಸ್ಟಿಕ್ಕುಗಳ ಹಿಡಿಗೆಲ್ಲ ಉಳಿಕೆ ರೇಷ್ಮೆ ಸುತ್ತುತ್ತಿದ್ದವನು ದಸ್ತಗೀರನೇ. ಆಡದೆ ಇಟ್ಟು ಹೊಸತಾಗಿಯೇ ಹಳತಾಗಿದ್ದ ನನ್ನ ಸ್ಟಿಕ್ಕನ್ನು ಹೆಗಲಿಗೇರಿಸಿ, ನೂಲು ಸುತ್ತಿಸಲು ಹೊರಟವನಂತೆ ಹೊರಟೆ. ಇಷ್ಟು ನಾಜೂಕಾದ ಉಪಾಯ ಹೊಳೆದದ್ದಕ್ಕೆ, ಸುಳ್ಳೇಕೆ, ಕೊಂಚ ಹೆಮ್ಮೆಯೂ ಇತ್ತು.

ದಸ್ತಗೀರನ ತಾಯಿ ಪಡಸಾಲೆಯಲ್ಲಿ ರಾಟಿ ಹಿಡಿದು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನ ಹೆಗಲನ್ನು ನೋಡಿದ್ದೇ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿದಳು. "ಬರ್ರಿ ಸರ. ನೀವೂ ನೂಲು ಸುತ್ತಸಾಕ ಬಂದೀರಿ, ಹೌದಲ್ರಿ? ಅಲ್ಲೇ ಇಡ್ರಿ, ಸಾಲಿನ್ಯಾಗ."

ಗೋಡೆಗೆ ನಾಲ್ಕು ಸ್ಟಿಕ್ಕು ಆನಿಕೊಂಡಿದ್ದವು. ಒಂದು ಸಂಗಪ್ಪನವರದು, ಯೌವನದಲ್ಲಿ ಆಡಿ, ಆಮೇಲೆ ಅಂಗಡಿಗೆ ನುಗ್ಗುವ ನಾಯಿ ಓಡಿಸಲು ಮೀಸಲಿಟ್ಟದ್ದು. ಒಂದು ರಾಜೇಸಾಬರದು. ಇನ್ನೆರಡು ಉಳಿದಿಬ್ಬರು ಸದಸ್ಯರವು. ಸಮಿತಿ ಪೂರ್ತಿ ಗೋಡೆಗೊರಗಿ ನಿಂತಿತ್ತು.

"ಒಬ್ಬೊಬ್ಬರಾಗಿ ಬಂದು, 'ಹೋಗ್ರೆಪಾ, ನಾ ಅಂದೆ ಅಂತ ಯಾರಿಗೂ ಹೇಳಬ್ಯಾಡ್ರಿ' ಅಂತಾರ್ರಿ," ಎಂದ ದಸ್ತಗೀರ, ಹುಬ್ಬು ಕೂಡ ಅಲುಗಿಸದೆ. ಅಧ್ಯಕ್ಷರು ಹುಬ್ಬಳ್ಳಿಯ ತಮ್ಮ ಅಳಿಯನ ಮನೆಯ ವಿಳಾಸ ಕೊಟ್ಟಿದ್ದರು. ಕಂಪೌಂಡರು ಮಂಡಿಗೆ ಹಚ್ಚುವ ಎಣ್ಣೆ ತಂದಿದ್ದರು. ಮೊಹರಿನ ಕಾಗದ ಮಾತ್ರ ಬಂದಿರಲಿಲ್ಲ. ಆಚೆ ಮನೆಯಿಂದ ಬಂದು ಕೂತಿದ್ದ ಮಹಾಂತೇಶ ಮೆಲ್ಲಗೆ ಹೇಳಿದ: "ನಾಕೂ ಮಂದಿ ಒಂದ ಮಾತು ಅಂದ್ರು ಸರ. ಮಾಸ್ತರು ಅಂಜುಬುರುಕ, ಕಾಗದ ಕೊಡೂದಿಲ್ಲಂತ."

ಅಂಗಿಯೊಳಗಿಂದ ಕಾಗದ ತೆಗೆದು ಕೊಟ್ಟೆ. ಕೊಟ್ಟ ಕೂಡಲೇ ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಬಾಗಿಲಿನಿಂದ ಇಣುಕಿ ನೋಡಿದೆ; ಅವರ ಮಾತೂ ಪೂರ್ತಿ ಸುಳ್ಳಾಗಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೋದರು. ಹೊಸ ಕೆಂಪು ನೂಲು ತೊಟ್ಟು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದ ಐದೂ ಸ್ಟಿಕ್ಕುಗಳನ್ನು ದಸ್ತಗೀರನ ತಾಯಿ ಮನೆಮನೆಗೆ ಮುಟ್ಟಿಸಿದಳು. ಸಂಜೆ ಬಾದಾಮಿಯ ಮೈದಾನದಲ್ಲಿ ಹೆಸರು ಕೂಗಿದಾಗ ಇಬ್ಬರಿಲ್ಲ. ಆಗ ನೋಡಬೇಕಿತ್ತು ನೀವು ನಮ್ಮ ಸಮಿತಿಯನ್ನು! "ದ್ರೋಹಿಗಳು!" ಎಂದು ಸಂಗಪ್ಪನವರು ರುಮಾಲು ನೆಲಕ್ಕೆ ಬಡಿದರು. ರಾಜೇಸಾಬರು ಆಕಾಶಕ್ಕೆ ಕೈ ಎತ್ತಿದರು. "ಯಾರೋ ಕಿವಿ ಊದ್ಯಾರ್ರಿ" ಎಂದರು ಮೂರನೆಯವರು. "ಅಂಥಾವನ ಕೈ ಸೇದಿಹೋಗ್ಲಿ" ಎಂದರು ನಾಲ್ಕನೆಯವರು, ತಮ್ಮ ಕೈಯನ್ನು ಕಿಸೆಯಲ್ಲಿಟ್ಟುಕೊಂಡು. ನಾಲ್ವರಲ್ಲಿ ಒಬ್ಬೊಬ್ಬರೂ ತಾನೊಬ್ಬನೇ ಪಾಪಿಯೆಂದು ನಂಬಿ ಬೆವರುತ್ತಿದ್ದರು. ಸತ್ಯ ಗೊತ್ತಿದ್ದವನು ನಾನೊಬ್ಬನೇ. ಆದರೂ ಎಲ್ಲರಿಗಿಂತ ಹೆಚ್ಚು ಬೆವೆತವನೂ ನಾನೇ. ರೂಢಿ.

ಮಂದಿ ಸಾಲದೆ ನಾನೂ ಅಂಗಳಕ್ಕಿಳಿಯಬೇಕಾಯಿತು, ದಸ್ತಗೀರನ ಜಾಗಕ್ಕೆ, ನಲವತ್ತರ ಹೊಟ್ಟೆಯೊಡನೆ. ಚೆಂಡಿನಿಂದ ದೂರವಿರುವ ಕಲೆಯಲ್ಲಿ ನಾನು ಪಳಗಿದವನು. ಆದರೂ ಒಮ್ಮೆ ಅದು ಉರುಳುತ್ತ ನನ್ನ ಕಾಲ ಬಳಿಗೇ ಬಂತು. ಸ್ಟಿಕ್ಕು ಚಾಚಿದೆ. ಟಕ್ ಎಂದ ಚೆಂಡು ಇಬ್ಬರು ಎದುರಾಳಿಗಳ ನಡುವೆ ನುಸುಳಿ, ಗೋಲಿನ ಮುಂದೆ ಬಯಲಾಗಿದ್ದ ಒಂದು ಜಾಗಕ್ಕೆ, ಗೆರೆ ಎಳೆದಂತೆ ಹೋಯಿತು. ಬದುಕಿನಲ್ಲಿ ಅಂಥ ಪಾಸು ನಾನು ಕೊಟ್ಟವನಲ್ಲ. ಅಲ್ಲಿ ಮಹಾಂತೇಶ ಇರಬೇಕಿತ್ತು. ಯಾರೂ ಇರಲಿಲ್ಲ. ಚೆಂಡು ಆ ಖಾಲಿ ಜಾಗವನ್ನು ದಾಟಿ ಹೊರಗೆ ಹೋಯಿತು. ಆಗಲೇ ಕೈಯಲ್ಲಿದ್ದುದನ್ನು ನೋಡಿದೆ: ತುದಿ ಸವೆದಿತ್ತು, ಹಿಡಿಯ ಕೆಳಗೆ ಬೆರಳಿನ ಕುಳಿ ಬಿದ್ದಿತ್ತು. ಅದು ನನ್ನದಾಗಿರಲಿಲ್ಲ.

ಸೋತೆವು, ಚೆನ್ನಾಗಿಯೇ ಸೋತೆವು. ಅದನ್ನು ಅನಾಹುತಗಳ ಲೆಕ್ಕದಲ್ಲಿ ಹಿಡಿಯಲಾರೆ. ಐವರೂ ಗುಟ್ಟಾಗಿ ಕೈ ಎತ್ತಿ ಬರಮಾಡಿಕೊಂಡದ್ದು ಅದು. ಬಸ್ಸು ಕೆಡಲಿಲ್ಲ, ಮೊಹರು ನೆಟ್ಟಗಿತ್ತು, ಜ್ವರ ಬರಲಿಲ್ಲ, ಮಂಗಗಳು ಸಭ್ಯವಾಗಿದ್ದವು. ಉಳಿಸಿಕೊಳ್ಳುವ ಠರಾವು ಇವತ್ತಿಗೂ ರದ್ದಾಗಿಲ್ಲ.

ತಿಂಗಳಾದ ಮೇಲೆ ಹುಬ್ಬಳ್ಳಿಯಿಂದ ಕಾರ್ಡು ಬಂತು. ಇಬ್ಬರೂ ಕಾಯಂ ಆಗಿದ್ದರು. ಕೊನೆಯಲ್ಲಿ ದಸ್ತಗೀರ ಬರೆದಿದ್ದ: "ಗಡಿಬಿಡಿಯೊಳಗ ನಿಮ್ಮ ಸ್ಟಿಕ್ಕು ನನ್ನ ಕೂಡ ಬಂದೈತ್ರಿ ಸರ. ಇಲ್ಲಿ ಭಾಳ ಛಲೋ ಆಡಾಕತ್ತೈತಿ. ವಾಪಸ್ ಕಳಸ್ಲೇನ್ರಿ?"

ಮೂರು ದಿನ ಯೋಚಿಸಿದೆ. ಈ ಸಲ ಸಮಿತಿ ಕರೆಯಲಿಲ್ಲ. "ಬ್ಯಾಡ, ಅಲ್ಲೇ ಇರ್ಲಿ" ಎಂದು ಬರೆದು ಹಾಕಿದೆ.