ಸ್ಕಾಟ್ಲೆಂಡಿನ ಅಜ್ಜ ಮತ್ತು ನಿಮ್ಮ ತಾತನ ತಿಥಿ

ನಿಮ್ಮಪ್ಪ ತಮ್ಮ ಐದನೇ ತಲೆಮಾರಿನ ಅಜ್ಜನನ್ನು ಹುಡುಕಿದ್ದು ಸಿಂಗಪುರದ ಟೋವಾ ಪಾಯೋದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ. ಕಂಪ್ಯೂಟರು, ಕಾಗದ ಎಲ್ಲ ಅಲ್ಲೇ ಹರಡಿರುತ್ತಿದ್ದವು. ಹಾಗಾಗಿ ಎರಡು ವರ್ಷ ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಮೊಮ್ಮಕ್ಕಳೇ, ನೀವಾಗ ಚಿಕ್ಕವರು, ನೆನಪಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಹುಡುಕಾಟ ಶುರುವಾದದ್ದು ನಿಮ್ಮ ಅಮೆರಿಕದ ತಾತ ತೀರಿಹೋದ ಮೇಲೆ. ಅವರ ಮನೆತನದಲ್ಲಿ ಒಂದು ಕಥೆಯಿತ್ತು. ಸ್ಕಾಟ್ಲೆಂಡಿನ ಯಾವನೋ ಪಾಳೆಯಗಾರನ ಕಿರಿಮಗ ಯುದ್ಧದಲ್ಲಿ ಸೋತು, ಕತ್ತಿ ಸಮೇತ ಹಡಗು ಹತ್ತಿ ಅಮೆರಿಕಕ್ಕೆ ಬಂದನಂತೆ, ಅವನಿಂದಲೇ ಇವರೆಲ್ಲ ಅಂತೆ. ಈ ಕಥೆಯಿಂದ ನನಗೂ ಉಪಕಾರವಾಗಿತ್ತು. ನಿಮ್ಮಮ್ಮನ ಮದುವೆಯ ಸುದ್ದಿ ಕೇಳಿ "ಹುಡುಗ ಯಾವ ಜನ?" ಎಂದು ಮೂಗು ಮುರಿದಿದ್ದ ನಮ್ಮ ಬಳಗ, "ರಾಜವಂಶವಂತೆ" ಎಂದೊಡನೆ ಎಲೆಯ ಮುಂದೆ ಕೂತು ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿತ್ತು.

ಬೆಳಗಿನ ಕಾಫಿಯ ಹೊತ್ತಿಗೆ ಸರಿಯಾಗಿ ನಿಮ್ಮಪ್ಪನ ಸೋದರತ್ತೆಯೊಬ್ಬರು ಅಮೆರಿಕದಿಂದ ವಿಡಿಯೋದಲ್ಲಿ ಹಾಜರಾಗುತ್ತಿದ್ದರು. ಇಬ್ಬರೂ ಸೇರಿ ಸತ್ತವರನ್ನು ಒಬ್ಬೊಬ್ಬರಾಗಿ ಎಬ್ಬಿಸಿ ವಿಚಾರಿಸುತ್ತಿದ್ದರು. ನಾನು ಕ್ಯಾಮೆರಾಕ್ಕೆ ಸಿಗದ ಹಾಗೆ ಗೋಡೆಗೆ ಅಂಟಿಕೊಂಡು ಅಡುಗೆಮನೆ ಸೇರುತ್ತಿದ್ದೆ.

ನನಗೂ ಆಗ ಸತ್ತವರೊಬ್ಬರ ಚಿಂತೆಯಿತ್ತು. ಅವರನ್ನೇನೂ ಹುಡುಕಬೇಕಾಗಿರಲಿಲ್ಲ. ನಮ್ಮ ಯಜಮಾನರು, ಎಂದರೆ ನಿಮ್ಮ ತಾತ, ಹೋದಾಗಿನಿಂದ ಅವರ ತಿಥಿಯನ್ನು ಊರಲ್ಲಿ ಅವರ ತಮ್ಮನ ಮಗ ಮಾಡುತ್ತಿದ್ದ. ನಮಗೆ ಗಂಡುಮಕ್ಕಳಿಲ್ಲವಲ್ಲ. ಆ ವರ್ಷ ಅವನ ಫೋನು ಬಂತು.

"ದೊಡ್ಡಮ್ಮ, ಈಗ ನಮ್ಮಪ್ಪಂದೂ ಸೇರ್ಕೊಂಡಿದೆ. ವರ್ಷಕ್ಕೆ ಎರಡೆರಡು ತಿಥಿಗೆ ರಜ ಯಾರು ಕೊಡ್ತಾರೆ? ಯಾವುದಾದ್ರೂ ಮಠದಲ್ಲಿ ಹೇಳ್ಬಿಡಿ."

ನಿಮ್ಮಮ್ಮನಿಗೆ ಹೇಳಿದೆ. "ಅಪ್ಪಂಗೆ ಇದರಲ್ಲೆಲ್ಲ ನಂಬಿಕೆ ಎಲ್ಲಿತ್ತಮ್ಮ? ಅವರಪ್ಪನ ತಿಥಿ ದಿನಾನೂ ಹೊಗೆ ಹೊಗೆ ಅಂತ ಬೈಕೊಂಡೇ ಕೂತಿರ್ತಿದ್ರು," ಅಂದಳು. ನಿಜ. ಬೈದುಕೊಳ್ಳುತ್ತಿದ್ದರು, ಆದರೆ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಮಗನಿಲ್ಲದಿದ್ದರೆ ಅಳಿಯ ಮಾಡಬಹುದೆಂದು ನಾನು ಕೇಳಿದ್ದೆ. ಆದರೆ ಅಳಿಯನ ಎದುರು ನಿಂತು ಅದುವರೆಗೆ ನಾನು ಆಡಿದ್ದ ಮಾತೆಂದರೆ "ಇನ್ನೊಂದು ಹಾಕಲಾ?" ಎಂಬುದೊಂದೇ. ಅವರ ಕನ್ನಡವೂ ಅಷ್ಟಕ್ಕಷ್ಟೇ: ಸಾಕು, ಬೇಡ, ಸ್ವಲ್ಪ. ಇಷ್ಟು ಬಂಡವಾಳದಲ್ಲಿ ಸತ್ತವರ ವಿಷಯ ಎತ್ತುವುದು ಹೇಗೆ?

ಕೊನೆಗೆ ಸ್ಕಾಟ್ಲೆಂಡಿನ ಅಜ್ಜ ಸಿಕ್ಕ. ಪಾಳೆಯಗಾರನ ಮಗನಲ್ಲ, ಜೋಡು ಹೊಲಿಯುವವನು. ಯಾವ ಯುದ್ಧಕ್ಕೂ ಹೋಗಿರಲಿಲ್ಲ. ಊರಲ್ಲಿ ಕೆಲಸ ಸಿಗದೆ ಹಡಗು ಹತ್ತಿದ್ದ. ಕತ್ತಿ ಇದ್ದದ್ದು ನಿಜವೇ ಆಗಿದ್ದರೆ ಅದು ಚರ್ಮ ಕೊಯ್ಯುವ ಕತ್ತಿಯಾಗಿರಬೇಕು. ಆಮೇಲೆ ಅಮೆರಿಕದ ಅತ್ತೆ ಬೆಳಗ್ಗೆ ಕಾಣಿಸಿಕೊಳ್ಳುವುದನ್ನೇ ನಿಲ್ಲಿಸಿದರು. ನಿಮ್ಮಪ್ಪ ಕಾಗದಗಳನ್ನೆಲ್ಲ ಕಟ್ಟಿ ಕಪಾಟಿಗೆ ತುಂಬಿದರು. ನಿಮ್ಮಮ್ಮ ನನ್ನ ಹತ್ತಿರ ಬಂದು, "ಅಮ್ಮ, ಊರಲ್ಲಿ ಯಾರಿಗೂ ಹೇಳ್ಬೇಡ," ಎಂದು ಪಿಸುಗುಟ್ಟಿದಳು. ನಾನೇಕೆ ಹೇಳಲಿ? ಹೇಳಿದರೆ ಆ ಬಳಗ ತಿಂದ ಹೋಳಿಗೆಯನ್ನು ಏನು ಮಾಡಬೇಕು, ಪಾಪ.

ಒಂದೇ ಒಂದು ಲಾಭವಾಯಿತು. ಮೇಜು ಖಾಲಿಯಾಯಿತು. ಆ ಭಾನುವಾರ ಎಲ್ಲರೂ ಅದರ ಸುತ್ತ ಊಟಕ್ಕೆ ಕೂತಿದ್ದಾಗ ನಿಮ್ಮಪ್ಪ ಇಂಗ್ಲಿಷಿನಲ್ಲಿ ಏನೋ ಅಂದರು. ದೊಡ್ಡವಳೇ, ನೀನೇ ನಮ್ಮ ದುಭಾಷಿ.

"ಅಜ್ಜಿ, ಅಪ್ಪ ಕೇಳ್ತಿದಾರೆ, ನಿಮ್ ಕಡೆ ಎಷ್ಟು ಜನರೇಶನ್ ನೆನಪಿಟ್ಕೋತಾರೆ?"

"ಮೂರು. ತಿಥಿ ದಿನ ಮೂರು ತಲೆಮಾರಿನವರ ಹೆಸರು ಹೇಳಿ ಎಳ್ಳುನೀರು ಬಿಡ್ತಾರೆ. ಅದಕ್ಕೂ ಹಿಂದಿನವರಿಗೆ ತೊಂದರೆ ಕೊಡಲ್ಲ."

"ಓನ್ಲಿ ತ್ರೀ? ಸೋ ಈಸಿ ಲಾ!" ಎಂದು ನಕ್ಕ ನೀನು, "ಹಂಗಾದ್ರೆ ನಮ್ ತಾತನ ಹೆಸರು ಯಾರು ಹೇಳ್ತಾರೆ?" ಎಂದೆ.

ನಾನು ಸಾರು ತರುವ ನೆಪದಲ್ಲಿ ಎದ್ದೆ. ಸಾರು ಮೇಜಿನ ಮೇಲೆಯೇ ಇತ್ತು.

ಹೊರಗೆ ನಿಮ್ಮಮ್ಮ ಬಹಳ ಹೊತ್ತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದುದು ಅಡುಗೆಮನೆಗೆ ಕೇಳುತ್ತಿತ್ತು. ತಿಥಿಯನ್ನು ತಾವೇ ಮಾಡುವುದಾಗಿ ನಿಮ್ಮಪ್ಪ ಒಪ್ಪಿದರಂತೆ. ಮರುದಿನ ನೋಡಿದರೆ ಮೇಜಿನ ಮೇಲೆ ಮತ್ತೆ ಕಂಪ್ಯೂಟರು. ನಿಮ್ಮಪ್ಪನಿಗೆ ಹೊಸ ಸತ್ತವರು ಸಿಕ್ಕಿದ್ದರು.

ತನ್ನ ಅಪ್ಪನ ಹೆಸರು, ತಾತನ ಹೆಸರು ನಿಮ್ಮಮ್ಮನಿಗೆ ಗೊತ್ತಿತ್ತು. ಅದರ ಹಿಂದಿನ ಹೆಸರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ನಾನು ಆ ಮನೆಯ ಸೊಸೆ, ಬಾಯಿಬಿಟ್ಟು ಹೇಗೆ ಹೇಳಲಿ? ನಿಮ್ಮಪ್ಪ ಸೀದಾ ಊರಿನ ನಮ್ಮ ಮೈದುನನ ಮಗನಿಗೇ ವಿಡಿಯೋ ಕಾಲ್ ಮಾಡಿದರು. ಇದಕ್ಕೆಂದೇ ಕಲಿತಿದ್ದ ಮಾತು ಹೇಳಿದರು: "ನಮಸ್ಕಾರ. ವಂಶವೃಕ್ಷ ಬೇಕು."

ನಮ್ಮ ಕಡೆ ವಂಶವೃಕ್ಷ ಕೇಳುವುದು ನಾಡಕಚೇರಿಯಲ್ಲಿ, ಇಲ್ಲವೇ ಕೋರ್ಟಿನಲ್ಲಿ. ಜಮೀನು ಪಾಲಾಗುವಾಗ ಬಿಟ್ಟರೆ ಅದರ ನೆನಪು ಯಾರಿಗೂ ಬರುವುದಿಲ್ಲ. ತುಸು ಹೊತ್ತಿಗೇ ನನ್ನ ಫೋನು ಬಡಿದುಕೊಂಡಿತು.

"ದೊಡ್ಡಮ್ಮ, ಪಾಲು ಬೇಕಿದ್ರೆ ನೇರ ಕೇಳ್ಬೇಕು. ಅಮೆರಿಕದವರನ್ನ ಯಾಕೆ ಛೂ ಬಿಡ್ತೀರಿ?"

"ಯಾರಿಗೆ ಬೇಕೋ ನಿನ್ನ ಪಾಲು? ತಿಥಿಗೆ ಅಂತ ಹೆಸರು ಕೇಳಿದ್ರು."

"ತಿಥಿಗೆ ವಂಶವೃಕ್ಷನಾ? ನನ್ನ ಕಿವಿ ಮೇಲೆ ಹೂ ಇಡ್ಬೇಡಿ." ಆಮೇಲೆ ಅವನ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. "ನೋಡಿ ದೊಡ್ಡಮ್ಮ, ದೊಡ್ಡಪ್ಪನ ತಿಥಿ ನಾನೇ ಮಾಡ್ತೀನಿ. ಈ ವರ್ಷ ಅಷ್ಟೇ ಅಲ್ಲ, ನಾನಿರೋವರೆಗೂ. ಅಳಿಯಂದ್ರಿಗ್ಯಾಕೆ ತೊಂದ್ರೆ?"

ನನಗೆ ಬೇಕಾಗಿದ್ದದ್ದು ಅಷ್ಟೇ. ಮಂತ್ರ ತಪ್ಪದ ಬಾಯಿ, ಅದೇ ಗೋತ್ರ, ಊರಿನ ನೀರು. ಹೂಂ ಅಂದಿದ್ದರೆ ಮುಗಿದಿತ್ತು. ಈ ಕಡೆ ನೋಡಿದೆ. ನಿಮ್ಮಪ್ಪ ಮೇಜಿನ ಮುಂದೆ ಕೂತು, ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ನಿಮ್ಮ ತಾತನ ಹೆಸರನ್ನು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ತಪ್ಪಾಗಿ. ಮತ್ತೆ ಇನ್ನೊಂದು ಥರ ತಪ್ಪಾಗಿ. ಅವರಿಗೆ ಯಾವ ಜಮೀನಿನ ಭಯವೂ ಇರಲಿಲ್ಲ.

"ಬೇಡಪ್ಪ," ಅಂದೆ. "ಇಲ್ಲೇ ಮಾಡ್ತಾರೆ. ನೀನು ಆ ಹೆಸರೊಂದು ಹೇಳ್ಬಿಡು."

ಜಮೀನಿನ ತಂಟೆಗೆ ಬರುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡು ಹೇಳಿದ.

ಪುರೋಹಿತರು ಸಿಂಗಪುರದ ಇನ್ನೊಂದು ಬದಿಯ ಬುಕಿತ್ ಪಂಜಾಂಗಿನಿಂದ ಬಂದರು. ವಾರವೆಲ್ಲ ಸಾಫ್ಟ್‌ವೇರ್, ರಜದ ದಿನ ಪೌರೋಹಿತ್ಯ. ನಿಮ್ಮ ತಾತನ ತಿಥಿ ದಯಮಾಡಿ ಶನಿವಾರ ಬಿದ್ದಿತ್ತು.

"ಸರ್, ನಿಮ್ಮ ಗೋತ್ರ?"

ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ನಿಮ್ಮಪ್ಪ ನಿಮ್ಮಮ್ಮನ ಮುಖ ನೋಡಿದರು.

"ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ನೋ ಪ್ರಾಬ್ಲಮ್," ಅಂದರು ಪುರೋಹಿತರು. ಎರಡು ವರ್ಷ ಸಿಗದಿದ್ದ ದೊಡ್ಡ ವಂಶ ಪಂಚೆಯ ಗಂಟು ಬಿಗಿಯುವುದರೊಳಗೆ ಸಿಕ್ಕಿಬಿಟ್ಟಿತು. ರಾಜನಲ್ಲದಿದ್ದರೆ ಹೋಗಲಿ, ಋಷಿ.

ಮೂರು ಹೆಸರು ಹೇಳಿ ನೀರು ಬಿಟ್ಟರು. ಹೆಸರುಗಳು ಅವರ ಬಾಯಲ್ಲಿ ಎಡವಿಕೊಂಡೇ ಹೋದವು, ಆದರೆ ಯಾರದೆಂದು ತಿಳಿಯುತ್ತಿತ್ತು. ಕೊನೆಯಲ್ಲಿ, ಕೇಳುವವರಿಲ್ಲದೆ ಹೋದವರಿಗೂ ಒಂದು ಬೊಗಸೆ ಉಂಟು ಎಂದು ಪುರೋಹಿತರು ಹೇಳಿದಾಗ, ನಿಮ್ಮಪ್ಪ ಜೋಡು ಹೊಲಿಯುವ ಅಜ್ಜನ ಹೆಸರು ಹೇಳಿದರು. ಆ ದಿನ ಅವರು ಸರಿಯಾಗಿ ಉಚ್ಚರಿಸಿದ ಹೆಸರು ಅದೊಂದೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಒಲೆಯ ಮೇಲೆ ಒಂದು ಒಬ್ಬೆ ವಡೆ ಸೀದುಹೋಯಿತು.

ಮರುವರ್ಷ ತಿಥಿ ಹತ್ತಿರ ಬಂದಾಗ ನೀವಿಬ್ಬರೂ ಸ್ಕೂಲಿನಲ್ಲಿದ್ದಿರಿ, ನಿಮ್ಮಮ್ಮ ಆಫೀಸಿನಲ್ಲಿ. ಮಾತು ದಾಟಿಸಲು ಯಾರೂ ಇರಲಿಲ್ಲ. ನಾನೇ ಹೋಗಿ ಅಳಿಯನ ಎದುರು ನಿಂತೆ.

"ನಾಡಿದ್ದು ತಿಥಿ," ಅಂದೆ.

"ಗೊತ್ತು," ಅಂದರು. ಎದ್ದು ಹೋಗಿ ಕಪಾಟಿನಿಂದ ಎಳ್ಳಿನ ಪೊಟ್ಟಣ ತಂದು ಹೆಮ್ಮೆಯಿಂದ ನನ್ನ ಕೈಗಿಟ್ಟರು.

ಬಿಳಿ ಎಳ್ಳು. ತರ್ಪಣಕ್ಕೆ ಬೇಕಾದದ್ದು ಕರಿ ಎಳ್ಳು. ಇದರಲ್ಲಿ ಉಂಡೆ ಕಟ್ಟಿದರಾಯಿತು ಎಂದುಕೊಂಡು ಪೊಟ್ಟಣವನ್ನು ಒಳಗಿಟ್ಟೆ. ಚಪ್ಪಲಿ ಮೆಟ್ಟಿ, ಒಬ್ಬಳೇ ಲಿಫ್ಟಿನಲ್ಲಿ ಇಳಿದು, ಅಂಗಡಿಗೆ ಹೊರಟೆ.